ಕುರಿದಾರಿಯ ಮೇಲೆ ಸದ್ದಿಲ್ಲದ ಸೈಕಲ್

ಸೂರ್ಯ ಇನ್ನೂ ಹುಟ್ಟಿಲ್ಲ. ಸೋಲಾಪುರದ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ ಬ್ಯಾಟರಿ ಸೈಕಲ್ಲುಗಳು ಸಾಲಾಗಿ ನಿಂತಿವೆ. ದಾರಿ ತೋರಿಸುವ ಗುರುಸಿದ್ಧ ಒಂದೊಂದರ ಮುಂದೆಯೂ ಕುಕ್ಕರುಗಾಲಿನಲ್ಲಿ ಕೂತು ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಬ್ರೇಕ್ ಹಿಡಿದು ಬಿಡುತ್ತಾರೆ, ಬ್ಯಾಟರಿ ತೆಗೆದು ಮತ್ತೆ ಕೂಡಿಸಿ ಅದು ಟಕ್ಕೆಂದು ಕೂತದ್ದನ್ನು ಕಿವಿಗೊಟ್ಟು ಕೇಳುತ್ತಾರೆ. ಮೈಮೇಲೆ ಸೈಕಲ್ ಪ್ರವಾಸದ ಸಂಸ್ಥೆಯ ಹಳದಿ ಟೀಶರ್ಟು, ತಲೆಗೆ ಹೆಲ್ಮೆಟ್ಟು. ಹೆಗಲ ಮೇಲೆ ಮಾತ್ರ ಕರಿ ಕಂಬಳಿ. ಈ ಮೂರೂ ಒಬ್ಬನೇ ಮನುಷ್ಯನ ಮೇಲೆ ಇರುವುದನ್ನು ಕಂಡು ಕೆರೆಗೆ ವಾಕಿಂಗ್ ಬಂದವರು ಒಮ್ಮೆ ತಿರುಗಿ ನೋಡಿ ಹೋಗುತ್ತಾರೆ.

"ಮೊದಲ ಸರ್ತಿ ಹತ್ತಾಕತ್ತೀರೇನ್ರಿ?" ಎಂದು ಈ ಸವಾರಿಯ ಬಗ್ಗೆ ಬರೆಯಲು ಬಂದ ನನ್ನನ್ನು ಕೇಳುತ್ತಾರೆ. "ಸಾವಕಾಶ ತುಳೀರಿ. ನೀವು ಸ್ವಲ್ಪ ತುಳದ್ರ ಅದು ಭಾಳ ಓಡ್ತದ. ಗಡಬಡ ಮಾಡಿದ್ರ ನಿಮ್ಮನ್ನ ಬಿಟ್ಟು ಅದೊಂದ ಅಕ್ಕಲಕೋಟಿ ಮುಟ್ತದ ನೋಡ್ರಿ."

ಪುಣೆ, ಹೈದರಾಬಾದುಗಳಿಂದ ಬಂದ ಪ್ರವಾಸಿಗರ ಗುಂಪು ನಗುತ್ತದೆ. ಈ ಮಾತನ್ನು ಅವರು ಅದಾಗಲೇ ಮರಾಠಿಯಲ್ಲಿ ಒಮ್ಮೆ ಕೇಳಿದ್ದಾರೆ. ಗುರುಸಿದ್ಧ ನಗುವುದಿಲ್ಲ. ರವಿವಾರದ ಬೆಳಿಗ್ಗೆ ಅವರು ನಗುವುದು ಕಡಿಮೆ ಎಂದು ಸಂಸ್ಥೆಯ ಮಾಲೀಕ ಶೈಲೇಶ ನನಗೆ ಮೊದಲೇ ಹೇಳಿದ್ದರು. ಏಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶೈಲೇಶ ಉತ್ಸಾಹದ ಹುಡುಗ. ಮೂವತ್ತು ದಾಟಿರಲಾರದು. ಓದಿದ್ದು ಪುಣೆಯಲ್ಲಿ, ಮನಸ್ಸು ಹತ್ತಿದ್ದು ತನ್ನ ಊರಲ್ಲಿ. "ಸರ್, ಸೋಲಾಪುರ ಅಂದ್ರ ಸೈಕಲ್ಲಿನ ಊರ ಅದ. ಚಡ ಇಲ್ಲ, ಉತಾರ ಇಲ್ಲ, ಎಲ್ಲಾ ಸಪಾಟ. ಗಿರಣಿ ಭೋಂಗಾ ಆತಂದ್ರ ರಸ್ತಾ ತುಂಬ ಸೈಕಲ್ ಇರ್ತಿದ್ದವಂತ, ನಮ್ಮಜ್ಜ ಹೇಳ್ತಿದ್ದ. ಅದನ್ನ ವಾಪಸ್ ತರಬೇಕಂತ ನಂದೊಂದು ಹುಚ್ಚು," ಎನ್ನುತ್ತಾರೆ. ಗಿರಣಿಗಳು ಮುಚ್ಚಿದವು, ಪಾಳಿ ಬಿಟ್ಟಾಗ ಕೂಗುತ್ತಿದ್ದ ಭೋಂಗಾ ನಿಂತಿತು. ಈಗ ಸೈಕಲ್ಲು ಬಂದಿದೆ, ಕೆಲಸಕ್ಕಲ್ಲ, ನೋಡಲಿಕ್ಕೆ. ಮೊದಲು ಊರೊಳಗೆ ಒಂದು ಸುತ್ತು, ಕೋಟೆಯ ಬದಿ, ಹಳೆಯ ಗಿರಣಿಯ ಚಿಮಣಿ, ಚಾದರ ನೇಯುವ ಓಣಿಗಳು. ಆಮೇಲೆ ಅಕ್ಕಲಕೋಟೆಯ ದಿಕ್ಕಿಗೆ, ಡಾಂಬರು ರಸ್ತೆ ಬಿಟ್ಟು ಹೊಲಗಳ ನಡುವಿನ ದಾರಿ.

ಆ ಹೊಲದ ದಾರಿ ಶೈಲೇಶರಿಗೆ ಗೊತ್ತಿರಲಿಲ್ಲ. ಅವರ ಸೈಕಲ್ ಅಂಗಡಿಯ ಕಾವಲುಗಾರನಿಗೆ ಗೊತ್ತಿತ್ತು. ಆ ಕಾವಲುಗಾರನೇ ಗುರುಸಿದ್ಧ.

ನಾಗಣಸೂರಿನ ಕುರಿ ಸಾಕುವ ಮನೆತನ ಅವರದು. ಕುರಿಗಾರರ ದೇವರು ಬೀರೋಬಾನ ಒಕ್ಕಲು. ಈಗ ವಯಸ್ಸು ಐವತ್ತರ ಆಸುಪಾಸು. ಅವರೂ ಅವರ ಅಣ್ಣ ಅಣ್ಣಾರಾಯರೂ ಒಂದೇ ಹಿಂಡು ಮಾಡಿಕೊಂಡು ಹುಡುಗರಾಗಿದ್ದಾಗಿನಿಂದ ಈ ಸೀಮೆಯೆಲ್ಲ ತಿರುಗಿದವರು. ಜೋಳ ಕಿತ್ತ ಹೊಲ ಎಲ್ಲಿ ಖಾಲಿಯಾಯಿತೋ ಅಲ್ಲಿಗೆ ಹಿಂಡು. ಭಂಡಾರಕವಠೆಯ ತನಕ ಹೋಗಿ ಮಳೆಗಾಲಕ್ಕೆ ಮರಳುವುದು. ಹೆಂಡತಿ ಸೋಮವ್ವನಿಗೆ ಎದೆಯ ಕಾಯಿಲೆ ಕಾಣಿಸಿಕೊಂಡಾಗ ದವಾಖಾನೆಗೆ ಹತ್ತಿರವಿರಬೇಕೆಂದು ಗುರುಸಿದ್ಧ ಸೋಲಾಪುರಕ್ಕೆ ಬಂದರು. ಸೋಮವ್ವ ಗುಣವಾದರು. ಆದರೆ ಊರಿಗೆ ಮರಳುವುದು ಆಗಲೇ ಇಲ್ಲ. ಕಾವಲು ಕೆಲಸ, ಆಮೇಲೆ ಪಂಕ್ಚರ್ ತಿದ್ದುವ ಕೆಲಸ, ಆಮೇಲೆ ಶೈಲೇಶರು ದಾರಿ ತೋರಿಸುವ ಕೆಲಸ ಕೊಟ್ಟರು. ಎರಡನೆಯ ಮಾಳಿಗೆಯಲ್ಲಿ ಒಂದೇ ಕೋಣೆಯ ಮನೆ. ಹಿಂದಿನ ಸಂಜೆ ನಾನು ಅಲ್ಲಿಗೆ ಹೋದಾಗ ಮಂಚದ ಕೆಳಗೆ ಸೈಕಲ್ಲಿನ ಬ್ಯಾಟರಿಗಳು ಚಾರ್ಜಿಗೆ ಕೂತಿದ್ದವು, ಮಂಚದ ಮೇಲೆ ಸೋಮವ್ವ ಬೀಡಿ ಸುತ್ತುತ್ತ ಕೂತಿದ್ದರು.

"ಶನಿವಾರ ಬಂತಂದ್ರ ಇವರಿಗೆ ರೊಟ್ಟಿ ಸೇರಂಗಿಲ್ರಿ," ಎಂದರು ಸೋಮವ್ವ. "ನಾಳಿ ಅಣ್ಣ ಸಿಗ್ತಾನ, ನಾಳಿ ಅಣ್ಣ ಸಿಗ್ತಾನ ಅಂತ ಅದs ಧ್ಯಾಸ. ಸಿಕ್ಕರ ಅಣ್ಣನವ್ರು ಮಾತಾಡಂಗಿಲ್ಲ. ಇವರು ಮತ್ತ ಬಂದು ಮಾರಿ ಸಣ್ಣ ಮಾಡ್ಕೊಂಡು ಕೂಡ್ತಾರ."

ಊರು ದಾಟುವ ತನಕ ಸೈಕಲ್ಲುಗಳು ಒಂದರ ಹಿಂದೆ ಒಂದು ಸಾಗುತ್ತವೆ. ಕೆಳಗೆ ಮೋಟರಿದೆ ಎಂದು ಗೊತ್ತಿದ್ದೂ ಎಲ್ಲವೂ ನನ್ನ ತೊಡೆಯ ಶಕ್ತಿಯೇ ಎಂದು ನಾನು ಬೀಗುತ್ತೇನೆ. ಕುಂಭಾರಿ ದಾಟಿ ವಳಸಂಗದ ಬಳಿ ಚಹಾ. ಅಲ್ಲಿಂದ ಬಲಕ್ಕೆ ತಿರುಗಿ ಬಂಡಿ ಜಾಡಿಗೆ ಇಳಿಯುತ್ತೇವೆ. ಅಕ್ಕಪಕ್ಕ ಕಿತ್ತು ಮಲಗಿಸಿದ ಜೋಳದ ಸಾಲು, ಕಣಿಕೆದಂಟಿನ ಒಣ ವಾಸನೆ. ಗಾಲಿಯ ಕೆಳಗಿನ ಹರಳು ಸಿಡಿಯುವುದು ಬಿಟ್ಟರೆ ಬೇರೆ ಸದ್ದಿಲ್ಲ. ಪ್ರವಾಸಿಗರಿಗೆ ಇದೇ ಖುಷಿ. ಮುಂದೆ ಹೋಗುವ ಹೆಂಗಸೊಬ್ಬರು "ಕಿತೀ ಶಾಂತ!" ಎಂದು ಕೂಗಿ ಹೇಳುತ್ತಾರೆ. ಎಷ್ಟು ಶಾಂತವೆಂದು ನನಗೂ ಅನಿಸುತ್ತದೆ.

ಗುರುಸಿದ್ಧ ಮಾತ್ರ ಈ ಸದ್ದಿಲ್ಲದಿರುವಿಕೆಯನ್ನು ಒಂದಿಷ್ಟೂ ನಂಬುವುದಿಲ್ಲ. ತಿರುವು ಬಂದಲ್ಲೆಲ್ಲ ಗಂಟೆ ಬಾರಿಸುತ್ತಾರೆ. ಏರು ಬಂದರೆ ಮುಂದೆ ಹೋಗಿ ಆಚೆ ಇಣುಕಿ, ಕೈಯೆತ್ತಿದ ಮೇಲೆಯೇ ನಾವು ಬರಬೇಕು. ಒಂದು ಇಳಿಜಾರು ಬಂದಾಗ "ಎಲ್ಲಾರೂ ಇಳೀರಿ" ಎಂದು ಎಲ್ಲರನ್ನೂ ಇಳಿಸುತ್ತಾರೆ. ಎಡಕ್ಕೆ ಹಳೆಯ ಕಲ್ಲಿನ ಖಾಣಿ, ಕಲ್ಲು ತೆಗೆದ ಆಳವಾದ ಗುಂಡಿ, ಬೇಲಿಯಿಲ್ಲ. ಇಲ್ಲಿ ಅವರು ಪ್ರತಿ ರವಿವಾರ ಒಂದು ಕತೆ ಹೇಳುತ್ತಾರೆ. ಹೇಳಲೇಬೇಕೆಂದು ಶೈಲೇಶರೇನೂ ಕಟ್ಟು ಮಾಡಿಲ್ಲ, ಹೇಳಬೇಡಿ ಎಂದೇ ಒಮ್ಮೆ ಕೇಳಿಕೊಂಡಿದ್ದರಂತೆ. ಪ್ರವಾಸಿಗರಿಗೆ ಮರಾಠಿಯಲ್ಲಿ ಚುಟುಕಾಗಿ, ನನಗೆ ಕನ್ನಡದಲ್ಲಿ ಪೂರ್ತಿ.

ಎರಡು ವರ್ಷದ ಹಿಂದಿನ ಮಾತು. ದಾರಿ ತೋರಿಸುವ ಕೆಲಸ ಆಗಷ್ಟೇ ಶುರುವಾಗಿತ್ತು. ಹೊಸ ಟೀಶರ್ಟು, ಹೊಸ ಹೆಲ್ಮೆಟ್ಟು. ಪ್ರವಾಸಿಗರು ಅವರನ್ನು 'ಗುರು ಸರ್' ಎನ್ನುತ್ತಿದ್ದರು.

"ಸರ್ ಅಂದ್ರಲ್ರಿ, ತಲಿಗೇರಿ ಬಿಟ್ಟಿತ್ತು. ನಿಮ್ಮ ತಂದಿ ಏನ ಮಾಡ್ತಿದ್ರು ಅಂತ ಕೇಳಿದ್ರು. ಗಿರಣ್ಯಾಗಿದ್ದ ಅಂದೆ. ನಮ್ಮಪ್ಪ ಗಿರಣಿ ಬಾಗಲಾ ಸುದ್ದಾ ನೋಡಿಲ್ರಿ. ಈ ಉತಾರಕ್ಕ ಬಂದ್ವಿ. ಮುಂದ ಹಿಂಡ ಕಂಡ್ತು. ನಮ್ಮಣ್ಣಂದs. ದೂರಿಂದನs ಗುರ್ತ ಹತ್ತಿತು, ಮುಂದ ಬೀರೋಬಾನ ಟಗರ ಇತ್ತು."

ದೇವರ ಹೆಸರಿಗೆ ಬಿಟ್ಟ ಟಗರು ಅದು. ಅದರ ಉಣ್ಣೆ ಕತ್ತರಿಸುವಂತಿಲ್ಲ, ಅದನ್ನು ಮಾರುವಂತಿಲ್ಲ, ಹಿಂಡಿನ ಮುಂದೆ ಅದೇ ನಡೆಯಬೇಕು. ಇನ್ನೊಬ್ಬರ ಹಿಂಡಿಗೆ ಎದುರಾದವನು ದೂರದಲ್ಲೇ ನಿಂತು, ನಾಲಿಗೆ ಮಡಚಿ ಗಂಟಲಿನಿಂದ ಒಂದು ಕೂಗು ಹಾಕಬೇಕು. ಹಿಂಡಿನವನು ಅದಕ್ಕೆ ಮರುಕೂಗು ಕೊಟ್ಟ ಮೇಲೆ ಮುಂದೆ ಹೋಗಬೇಕು. ಇದು ಕುರಿ ಕಾಯುವವರ ರಿವಾಜು. ಬಸ್ಸು, ಟ್ರ್ಯಾಕ್ಟರುಗಳಿಗೆ ಇದು ಬೇಕಿಲ್ಲ, ಅವು ಬರುವುದು ಕುರಿಗೆ ಮೊದಲೇ ಕೇಳಿಸುತ್ತದೆ. ಸದ್ದಿಲ್ಲದ ಸೈಕಲ್ಲಿಗೆ ಬೇಕೇ ಬೇಕಿತ್ತು.

"ಒದರಬೇಕಿತ್ರಿ. ಬಾಯಿ ತನಕಾ ಬಂದಿತ್ತು. ಒದರಿದ್ರ ಇವ ಕುರಿ ಕಾಯಾಂವ ಅಂತ ಗೊತ್ತಾಗ್ತದಲ್ಲ, ನಾಚಿಕಿ ಬಂತು. ಟಿಣ್ ಟಿಣ್ ಅಂತ ಗಂಟಿ ಬಾರಿಸ್ದೆ. ಹಿಂದ ಇದ್ದವರು ಅಷ್ಟೊತ್ತಿಗೆ ಜೋರಲೆ ಇಳದು ಹಿಂಡಿನ ನಡಬರಕ ನುಗ್ಗಿಬಿಟ್ರು. ಟಗರ ಬೆದರಿತು, ಖಾಣ್ಯಾಗ ಹಾರಿತು. ಅದರ ಹಿಂದ ಕುರಿ ಹಾರಿದವ್ರಿ. ಕುರಿ ಜಾತಿ, ಮುಂದಿಂದು ಹೋದಂಗ ಹೋಗ್ತಾವ."

ಅವರು ಖಾಣಿಯ ಕಡೆ ನೋಡುವುದಿಲ್ಲ. ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ.

"ಅಣ್ಣ ಓಡಿ ಬಂದ. ಹೆಲ್ಮೆಟ್‌ದಾಗ ನನ್ನ ಗುರ್ತ ಹತ್ತಲಿಲ್ಲ, ಬಾಯಿಗೆ ಬಂದಂಗ ಬೈದ. ಬೈಸ್ಕೊಂಡೆ. ಸೈಕಲ್ ಮ್ಯಾಲಿನ ಪಾವ್ಣ್ಯಾರೊಬ್ರು ಕೇಳಿದ್ರು, ಯಾರ ಇವ್ರು, ನಿಮಗ ಗೊತ್ತೇನು ಅಂತ. ನಾ ಏನ ಅಂದೆ ಅಂತೀರಿ? ಯಾರೋ ಕುರಿ ಕಾಯಾಂವ ಅಂದೆ. ಧ್ವನಿ ಕೇಳಿ ಅಣ್ಣಗ ಗೊತ್ತಾತು. ಬೈಯೂದು ಅಲ್ಲೇ ನಿಲ್ಲಿಸಿದ. ಅವತ್ತ ಬಿಟ್ಟ ಮಾತು, ಇವತ್ತಿನ ತನಕ ಮಾತಾಡಿಲ್ರಿ."

ಶೈಲೇಶರು ಮರುದಿನವೇ ಅಣ್ಣಾರಾಯರ ಮನೆಗೆ ಹೋಗಿ ಸತ್ತ ಕುರಿಗಳ ಬೆಲೆ ಕೊಡಲು ನೋಡಿದರಂತೆ. ಅವರು ಚಹಾ ಕೊಟ್ಟು ಕಳಿಸಿದರು, ಹಣ ಮುಟ್ಟಲಿಲ್ಲ. ಕುರಿಗಾರರ ಕರಿ ಕಂಬಳಿ ಗುರುಸಿದ್ಧರ ಹೆಗಲೇರಿದ್ದು ಆಮೇಲೆ. ಈಗ ಯಾರೇ ಕೇಳಲಿ, ಕೇಳದಿರಲಿ, ತಾನು ಕುರಿ ಕಾಯುವವನ ಮಗ ಎಂದು ಕೆರೆಯ ದಂಡೆಯಲ್ಲೇ ಹೇಳಿಬಿಡುತ್ತಾರೆ. ದಾರಿಯಲ್ಲಿ ಯಾರ ಹಿಂಡು ಎದುರಾದರೂ ಕೂಗು ಹಾಕುತ್ತಾರೆ. ಸಂಸ್ಥೆಯ ದಾರಿ ತೋರಿಸುವ ಬೇರೆಯವರಿಗೂ ಅದನ್ನು ಕಲಿಸಿದ್ದಾರೆ. ಎಲ್ಲ ಹಿಂಡಿನವರೂ ಮರುಕೂಗು ಕೊಡುತ್ತಾರೆ, ಒಬ್ಬರನ್ನು ಬಿಟ್ಟು.

"ನನಗ ಬ್ಯಾರೆ ಏನೂ ಬ್ಯಾಡ್ರಿ. ಅಣ್ಣ ಒಂದ ಮಾತಾಡ್ಲಿ. ಬೈಯಲಿ ಬೇಕಾದ್ರ."

ಖಾಣಿ ದಾಟಿ ಸ್ವಲ್ಪ ದೂರದಲ್ಲಿ ಬಯಲು ತೆರೆದುಕೊಳ್ಳುತ್ತದೆ. ಕಿತ್ತ ಜೋಳದ ಹೊಲದಲ್ಲಿ ಹಿಂಡು ಮೇಯುತ್ತಿದೆ. ಗುರುಸಿದ್ಧ ಕೈಯೆತ್ತಿ ನಮ್ಮನ್ನು ನಿಲ್ಲಿಸಿ, ಹೆಲ್ಮೆಟ್ ತೆಗೆದು ಹ್ಯಾಂಡಲಿಗೆ ಸಿಕ್ಕಿಸಿ, ಕೂಗು ಹಾಕುತ್ತಾರೆ. ಆ ದನಿ ಅವರ ಸಣ್ಣ ದೇಹದಿಂದ ಬಂತೆಂದು ನನಗೆ ನಂಬಲಾಗುವುದಿಲ್ಲ. ಕುರಿಗಳೆಲ್ಲ ತಲೆಯೆತ್ತುತ್ತವೆ, ಜಾಡು ಬಿಟ್ಟು ಬದಿಗೆ ಸರಿಯುತ್ತವೆ. ಕುರಿಗಳಿಗೆ ಅವರ ಮೇಲೆ ಸಿಟ್ಟಿಲ್ಲ. ಆಚೆ ಬದುವಿನ ಮೇಲೆ ಕೋಲೂರಿ ನಿಂತ ಅಣ್ಣಾರಾಯರು ಮಾತ್ರ ಬೇರೆ ಕಡೆ ನೋಡುತ್ತಾರೆ. ಗುರುಸಿದ್ಧ ಮತ್ತೊಮ್ಮೆ ಕೂಗುತ್ತಾರೆ. ಮರುಕೂಗಿಲ್ಲ.

ಪ್ರತಿ ರವಿವಾರದಂತೆ ಇವತ್ತೂ ಇಷ್ಟೇ ಎಂದು ನಾನು ಅಂದುಕೊಳ್ಳುವಾಗ ಅಣ್ಣಾರಾಯರು ಕಾಲೆಳೆಯುತ್ತ ನಮ್ಮತ್ತ ಬರತೊಡಗುತ್ತಾರೆ. ಬಂದು ನೇರ ನನ್ನ ಮುಂದೆ ನಿಲ್ಲುತ್ತಾರೆ.

"ನೀವು ಕನ್ನಡದವರೇನ್ರಿ?"

"ಹೌದ್ರಿ, ವಿಜಾಪುರ."

"ಚಲೋ ಆತು. ಒಂದ ಮಾತ ಅವಗ ಹೇಳ್ರಿ."

'ಅವ' ನನ್ನ ಪಕ್ಕದಲ್ಲೇ, ಕೈ ಚಾಚಿದರೆ ತಾಗುವಷ್ಟು ಹತ್ತಿರ ನಿಂತಿದ್ದಾರೆ. ಮಾತು ಬಿಟ್ಟವರ ನಡುವೆ ಸಿಕ್ಕಿಕೊಳ್ಳುವುದು ನಮ್ಮ ಕಡೆಯ ಮದುವೆ ಮನೆಗಳಲ್ಲಿ ನನಗೆ ರೂಢಿಯೇ. ನಾನು ತಲೆಯಾಡಿಸುತ್ತೇನೆ.

"ಕುರಿ ಕೊಟ್ಟೀನಿ ಅಂತ ಹೇಳ್ರಿ. ಮಂಗಳವೇಢೆ ಕಡಿ ವ್ಯಾಪಾರಿ ಬಂದ ನೋಡಿ ಹೋಗ್ಯಾನ. ಮೊಣಕಾಲ ನನ್ನ ಮಾತ ಕೇಳವಲ್ಲವು. ನನ್ನ ಹುಡುಗ ಟೆಂಪೊ ಹೊಡಿತಾನ, ಅವಗ ಇವು ಬ್ಯಾಡ."

ನಾನು ಗುರುಸಿದ್ಧರ ಕಡೆ ತಿರುಗಿ, "ಕುರಿ ಮಾರ್ಯಾರಂತ್ರಿ," ಎನ್ನುತ್ತೇನೆ. ಅವರ ಮುಖ ಕಪ್ಪಿಡುತ್ತದೆ.

"ಎಲ್ಲಾ ಕೊಟ್ಟಿಲ್ಲ ಅಂತ ಹೇಳ್ರಿ. ಎಡಗಿವಿ ಕಚ್ಚಿನವು ಹಂಗs ಅದಾವ."

ನನಗೆ ಅರ್ಥವಾಗಲಿಲ್ಲವೆಂದು ಕಂಡು ಅಣ್ಣಾರಾಯರು ಕಾಲ ಬುಡದಲ್ಲಿದ್ದ ಮರಿಯೊಂದನ್ನು ಎತ್ತಿ ಕಿವಿ ತೋರಿಸುತ್ತಾರೆ. ಒಂದೇ ಹಿಂಡಿನಲ್ಲಿ ಅಣ್ಣತಮ್ಮಂದಿರ ಪಾಲು ಗುರುತಿಸುವುದು ಕಿವಿಯ ಕಚ್ಚಿನಿಂದ. ಬಲಗಿವಿಯದು ಅಣ್ಣನ ಕುರಿ, ಎಡಗಿವಿಯದು ತಮ್ಮನದು. ಊರು ಬಿಡುವಾಗ ಗುರುಸಿದ್ಧ "ಎಲ್ಲಾ ನಿನ್ನವs ಅಂತ ತಿಳಿ" ಎಂದು ಹೇಳಿ ಬಂದಿದ್ದರು. ಅಣ್ಣಾರಾಯರು ಹಾಗೆ ತಿಳಿದಿರಲಿಲ್ಲ. ತಮ್ಮನ ಪಾಲಿನ ಕುರಿ ಈದ ಮರಿಗಳಿಗೆಲ್ಲ ಎಡಗಿವಿಗೇ ಕಚ್ಚು ಹಾಕುತ್ತ ಬಂದಿದ್ದಾರೆ. ಖಾಣಿಯ ಘಟನೆಯ ನಂತರವೂ. ಅವರ ಕೈಯಲ್ಲಿದ್ದ ಮರಿ ಹುಟ್ಟಿ ತಿಂಗಳಾಗಿರಲಾರದು, ಅದರ ಎಡಗಿವಿಯ ಗಾಯ ಇನ್ನೂ ಪೂರ್ತಿ ಮಾಯ್ದಿಲ್ಲ.

ಇದನ್ನು ನಾನು ತಿರುಗಿ ಹೇಳಬೇಕಾಗಿರಲಿಲ್ಲ. ಗುರುಸಿದ್ಧ ಮರಿಯ ಕಿವಿಯನ್ನೇ ನೋಡುತ್ತಿದ್ದರು.

"ವ್ಯಾಪಾರಿ ಅವನ್ನೂ ಕೇಳ್ಯಾನ. ಅವು ನನ್ನವಲ್ಲ, ಮಾಲಕರನ್ನ ಕೇಳಬೇಕು ಅಂದೀನಿ. ಮಂಗಳವಾರ ಗಾಡಿ ತರ್ತಾನ. ಏನ ಮಾಡೂದು ಕೇಳ್ರಿ."

ಹಿಂದೆ ಪ್ರವಾಸಿಗರು ಕುರಿಗಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ. ಗುರುಸಿದ್ಧ ನನ್ನ ಕಡೆ ನೋಡಿ, "ಎರಡ್ನೇ ಮಾಳಿಗಿ ಮ್ಯಾಲ ಒಂದ ಖೋಲಿ ಐತ್ರಿ ನಂದು. ನೀವs ನೋಡೀರಿ. ಹೊಲ ಇಲ್ಲ, ಹಟ್ಟಿ ಇಲ್ಲ. ಎಲ್ಲಿ ಕಟ್ಟಲ್ರಿ ನಾನು? ಕೊಡು ಅಂತ ಹೇಳ್ರಿ," ಎನ್ನುತ್ತಾರೆ.

ನಾನು ತಿರುಗಿ ಬಾಯಿ ತೆರೆಯುವುದರೊಳಗೆ ಅಣ್ಣಾರಾಯರು ನನ್ನನ್ನು ದಾಟಿ ತಮ್ಮನ ಮುಖ ನೋಡುತ್ತಾರೆ.

"ನೀನ ಹೇಳು."

ಗುರುಸಿದ್ಧ ಬೇರೇನಾದರೂ ಹೇಳಲಿ, ತಡಿ ಎನ್ನಲಿ, ತಪ್ಪಾಯಿತು ಎನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತೇನೆ. ಅಣ್ಣಾರಾಯರೂ ಅದನ್ನೇ ಕಾಯುತ್ತಿದ್ದರೋ ಏನೋ, ಮರಿಯನ್ನು ಕೆಳಗಿಳಿಸದೆ ಹಿಡಿದೇ ನಿಂತಿದ್ದರು.

"ಕೊಟ್ಟಬಿಡು, ಯಣ್ಣಾ."

"ಆತು," ಎಂದು ಅಣ್ಣಾರಾಯರು ಮರಿಯನ್ನು ಬಿಟ್ಟು, ಬಂದ ದಾರಿಯಲ್ಲೇ ಕಾಲೆಳೆಯುತ್ತ ಹೋಗುತ್ತಾರೆ.

ಅಕ್ಕಲಕೋಟೆಯ ತನಕ ಗುರುಸಿದ್ಧ ತಮ್ಮ ಕೆಲಸವನ್ನೆಲ್ಲ ಬರೋಬರಿ ಮಾಡುತ್ತಾರೆ. ತಿರುವಿನಲ್ಲಿ ಗಂಟೆ, ಏರಿನಲ್ಲಿ ಕೈಸನ್ನೆ. ಒಬ್ಬರ ಚೈನು ಕಳಚಿದರೆ ಕೂಡಿಸಿ ಕೊಡುತ್ತಾರೆ. ಊರು ಮುಟ್ಟಿದ ಮೇಲೆ ಪ್ರವಾಸಿಗರು ದೇವರ ದರ್ಶನಕ್ಕೆ, ಅನ್ನಛತ್ರದ ಊಟಕ್ಕೆ ಹೋಗುತ್ತಾರೆ. ಗುರುಸಿದ್ಧ ಲಾಡ್ಜಿನ ವರಾಂಡದಲ್ಲಿ ಬ್ಯಾಟರಿಗಳನ್ನು ಒಂದೊಂದಾಗಿ ಚಾರ್ಜಿಗೆ ಹಚ್ಚಿ ಗೋಡೆಗೊರಗಿ ಕೂಡುತ್ತಾರೆ. ಮಂಗಳವಾರಕ್ಕೆ ಇನ್ನೂ ಸಮಯವಿದೆ, ಅಣ್ಣನಿಗೆ ಒಂದು ಫೋನ್ ಮಾಡಬಾರದೇ ಎಂದು ನಾನು ಕೇಳುತ್ತೇನೆ. ಮಾಡಿ ಹೇಳುವುದೇನು ಎಂಬಂತೆ ಅವರು ತಲೆಯಾಡಿಸುತ್ತಾರೆ.

"ಎರಡ ವರ್ಷ ಒದರಿದೆರಿ, ನಮ್ಮಣ್ಣ ಒಂದ ಮಾತಾಡ್ಲಿ ಅಂತ," ಎನ್ನುತ್ತಾರೆ. "ಇವತ್ತ ಮಾತಾಡಿದ. ಅವಗ ನಾ ತಿರುಗಿ ಏನ ಅಂದೆ ನೋಡ್ರಿ."