ಶನಿವಾರದ ಹರಕೆ

ಅತ್ತೆ ಹರಕೆ ಹೊತ್ತದ್ದು ನನ್ನ ಮಗಳಿಗಾಗಿ. ಅವಳು ಎರಡು ವರ್ಷದವಳಿದ್ದಾಗ ಟೈಫಾಯ್ಡ್ ಬಂದು ಹುಮನಾಬಾದಿನ ದವಾಖಾನೆಯಲ್ಲಿ ಕಣ್ಣು ಬಿಡದೆ ಮಲಗಿದ್ದಳು. ಹುಡುಗಿ ಎದ್ದು ಕೂತರೆ ಪ್ರತಿ ಶನಿವಾರ ಮಂಗಗಳಿಗೆ ಬಾಳೆಹಣ್ಣು ಹಾಕುತ್ತೇನೆಂದು ಅತ್ತೆ ಹಣಮಪ್ಪನಿಗೆ ಮಾತು ಕೊಟ್ಟರು. ಹುಡುಗಿ ಎದ್ದಳು. ಅಂದಿನಿಂದ ಘಾಟಬೋರಾಳದ ದಾರಿಯ ಕುರುಚಲು ಕಾಡಿನ ಅಂಚಿಗೆ ನಮ್ಮ ಶನಿವಾರದ ಸವಾರಿ ಶುರುವಾಯಿತು. ಸ್ಕೂಟರ್ ನನ್ನದು, ಹಣ್ಣಿನ ಚೀಲ ಅವರದು.

ಹಾಕುವವರು ನಾವಷ್ಟೇ ಅಲ್ಲ. ಕಾರಿನ ಕಿಟಕಿಯಿಂದ ಬಿಸ್ಕಿಟು, ಚುರುಮುರಿಗಳನ್ನು ಪ್ಲಾಸ್ಟಿಕ್ ಸಮೇತ ಎಸೆದು ಕೈಮುಗಿದು ಹೋಗುವ ಪುಣ್ಯವಂತರು ಬೇಕಾದಷ್ಟಿದ್ದರು. ಸೀತಾಫಲ, ಬಾರೆಹಣ್ಣು, ಚಿಗುರು ತಿಂದುಕೊಂಡಿದ್ದ ಮಂಗಗಳು ರಸ್ತೆಯಲ್ಲೇ ಸಂಸಾರ ಹೂಡಿದವು. ಒಂದು ಶನಿವಾರ ನಮ್ಮ ಸ್ಕೂಟರ್ ಕಂಡು ಆಚೆ ಬದಿಯಿಂದ ಓಡಿಬಂದ ತಾಯಿಮಂಗ ಕಬ್ಬಿನ ಲಾರಿಯ ಗಾಲಿಗೆ ಸಿಕ್ಕಿತು. ಹೊಟ್ಟೆಗೆ ಅವುಚಿಕೊಂಡಿದ್ದ ಮರಿಯೂ ಉಳಿಯಲಿಲ್ಲ. ಅತ್ತೆ ಹಣ್ಣು ಹಿಡಿದು ಹಾಗೇ ನಿಂತುಬಿಟ್ಟರು.

ಸಿಟ್ಟು ಬಂದರೆ ನನ್ನ ಬಾಯಿಗೆ ಬೀಗವಿಲ್ಲ. ಮನೆಗೆ ಬಂದವಳೇ, "ಇದು ಪುಣ್ಯ ಏನ್ರಿ ಅತ್ತಿ? ನಾವೇ ಕರದು ಲಾರಿ ಕೆಳಗ ಹಾಕಿದಂಗ ಆತಲ್ರಿ! ಇನ್ನ ಹಣ್ಣು ಬಂದ್ ಮಾಡ್ರಿ" ಅಂದೆ.

"ಹರಕಿ ಬಿಟ್ರ ಹುಡುಗಿಗೆ ಏನರ ಆದ್ರ? ನೀ ಜಿಮ್ಮೇದಾರಿ ತಗೋತಿ?"

"ಹೂಂ, ತಗೋತೀನ್ರಿ!"

ನನ್ನ ಗಂಡ ಟಿವಿಯ ದನಿ ಏರಿಸಿದರು. ವಾರವಿಡೀ ಅತ್ತೆ ನಾನು ಮಾಡಿದ ಚಹಾ ಮುಟ್ಟಲಿಲ್ಲ. ಆದರೆ ಶನಿವಾರ ಬಂದಾಗ ಖಾಲಿ ಗೋಣಿಚೀಲ ಹಿಡಿದು ಅವರೇ ಸ್ಕೂಟರ್ ಹತ್ತಿದರು. ರಸ್ತೆ ಬದಿಯ ಪ್ಲಾಸ್ಟಿಕ್ ಆರಿಸಿ ತುಂಬಿದೆವು. ಯಾವುದಾದರೂ ಕಾರು ನಿಂತರೆ ಅತ್ತೆ ಅಡ್ಡ ಹೋಗಿ, "ಹಣಮಪ್ಪಗ ಕೊಡೂದಿದ್ರ ಗುಡಿಗಿ ಹೋಗ್ರಿ. ಇಲ್ಲಿ ಹಾಕಿ ಅವುಗಳ ಜೀವ ತಗೀಬ್ಯಾಡ್ರಿ" ಅನ್ನುತ್ತಿದ್ದರು. ಕೆಲವರು ಬೈದರು, ಕೆಲವರು ಕೇಳಿದರು. ರಸ್ತೆಗೆ ಬರುವ ಮಂಗಗಳು ಕಡಿಮೆಯಾದವು.

ಈ ಮಳೆಗಾಲ ಮಗಳಿಗೆ ಮತ್ತೆ ಜ್ವರ. ಅದೇ ದವಾಖಾನೆ, ಅದೇ ಟೈಫಾಯ್ಡ್. ಬಸವಕಲ್ಯಾಣದಿಂದ ನನ್ನ ತಾಯಿ ಫೋನ್ ಮಾಡಿ, "ಹರಕಿ ಬಿಟ್ಟೀರಿ, ಅದಕ್ಕ ಹಿಂಗಾಗ್ಯಾದ" ಅಂದಳು. ಜಿಮ್ಮೇದಾರಿ ತಗೊಂಡವಳು ನಾನೇ, ಜವಾಬು ಕೊಡಬೇಕಾದವಳೂ ನಾನೇ. ಶನಿವಾರ ಬೆಳಿಗ್ಗೆ ಚಹಾದ ನೆಪ ಹೇಳಿ ಹೊರಗೆ ಬಂದು, ಬಾಳೆಹಣ್ಣು ಕೊಂಡು ಸ್ಕೂಟರ್ ಚಾಲೂ ಮಾಡಿದೆ.

ಅತ್ತೆ ಹಿಂದೆಯೇ ಬಂದು ಕೀಲಿ ಕಿತ್ತುಕೊಂಡರು. "ಎಲ್ಲಿಗಿ ಹೊಂಟಿ?"

"ನನಗ ಅಂಜಿಕಿ ಆಗಾಕತ್ತದ್ರಿ ಅತ್ತಿ" ಎಂದು ರಸ್ತೆಯಲ್ಲೇ ಅತ್ತುಬಿಟ್ಟೆ.

"ನನಗ ಅಂಜಿಕಿ ಇಲ್ಲೇನ?" ಅವರು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡರು. "ಇನ್ನೊಂದು ತಾಯಿ-ಕೂಸಿನ ಜೀವ ತಗದು, ನನ್ನ ಮೊಮ್ಮಗಳ್ನ ಉಳಸು ಅಂತ ಹಣಮಪ್ಪಗ ಹ್ಯಾಂಗ ಕೇಳ್ಲಿ?"

ಹಣ್ಣನ್ನು ವಾರ್ಡಿನಲ್ಲಿದ್ದವರಿಗೆಲ್ಲ ಹಂಚಿ, ಮೊಮ್ಮಗಳ ಕಾಲ ಬಳಿ ಕೂತರು. ನಾನು ಕಟ್ಟಿ ತಂದ ರೊಟ್ಟಿಯನ್ನು "ಆಮ್ಯಾಲ ತಿಂತೀನಿ, ಇಡು" ಅನ್ನುತ್ತಿದ್ದರು. ಮರುವಾರ ಜ್ವರ ಇಳಿದು ಹುಡುಗಿ ಅನ್ನ ಕೇಳಿದಳು. ಆಗ ಪಕ್ಕದ ಹಾಸಿಗೆಯವಳು ನನ್ನನ್ನು ಕರೆದು, "ಇನ್ನರ ನಿಮ್ಮ ಅತ್ತಿಗಿ ಊಟ ಮಾಡಸ್ರಿ. ಶನಿವಾರದಿಂದ ಬರೇ ನೀರು ಕುಡದು ಕುಂತಾರ" ಅಂದಳು.