ಬರ್ತೀನಿ ಅಂದಿದ್ದ ಇಂದ್ರೇಶ್

ಇಂದ್ರೇಶನ ಬಾಯಲ್ಲಿ 'ಇಲ್ಲ' ಎಂಬ ಮಾತು ಹುಟ್ಟಿದ್ದನ್ನು ಕೇಳಿದವರಿಲ್ಲ. ಸಿಡ್ನಿಯ ಟೂಂಗಾಬಿ ಬಡಾವಣೆಯ ಕನ್ನಡದವರ ಮನೆಗಳಲ್ಲಿ ಗೃಹಪ್ರವೇಶವಿರಲಿ, ಮಗುವಿನ ಬರ್ತ್‌ಡೇ ಇರಲಿ, ಫೋನು ಬಂದ ಕೂಡಲೇ "ಬರ್ತೀನಿ ಬಿಡಿ" ಅನ್ನುತ್ತಿದ್ದ. ಆಮೇಲೆ ಹೋಗುತ್ತಿದ್ದದ್ದು ಹತ್ತಕ್ಕೆ ಮೂರು. ಅವನು ಸುಳ್ಳುಗಾರನೇನಲ್ಲ. ಎದುರಿಗಿರುವವರ ಮುಖ ಆ ಕ್ಷಣಕ್ಕೆ ಬಾಡಬಾರದು, ಅಷ್ಟೆ. ಇಂಥ ಒಳ್ಳೆಯವರನ್ನು ನಂಬಿ ಕೆಟ್ಟವರು ಎಷ್ಟು ಜನವೋ ದೇವರೇ ಬಲ್ಲ.

ತಿಪಟೂರಿನಲ್ಲಿ ಅವನ ಅಪ್ಪ ರುದ್ರಪ್ಪ ಲಾರಿಗಳಿಗೆ ಮರದ ಬಾಡಿ ಕಟ್ಟುವ ಬಡಗಿ. ಮಗ ಉಳಿ ಹಿಡಿಯಬಾರದೆಂದು ಓದಿಸಿದರು. ಮಗ ತೊಂಬತ್ತೆಂಟರಲ್ಲಿ ಸಿಡ್ನಿಗೆ ಸ್ಟೂಡೆಂಟ್ ಆಗಿ ಬಂದು, ಪೆಟ್ರೋಲ್ ಬಂಕಿನಲ್ಲಿ ನಿಂತು, ಅಲ್ಲೇ ನೆಲೆಸಲು ಪಿಆರ್ ತೆಗೆದುಕೊಂಡು, ಪ್ಯಾರಮ್ಯಾಟಾದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆದ. ಇಡೀ ದಿನ ಬೇರೆಯವರು ಮಾಡಿದ ತಪ್ಪು ಹುಡುಕುವ ಕೆಲಸ. ಸಂಜೆ ಮನೆಗೆ ಬಂದಾಗ ಇವತ್ತು ನಾನು ಮಾಡಿದ್ದು ಇದು ಎಂದು ಕೈಯಿಂದ ಮುಟ್ಟಿ ತೋರಿಸಲು ಏನೂ ಇರುತ್ತಿರಲಿಲ್ಲ. ಅದಕ್ಕೇ ಇರಬೇಕು, ಮೂವತ್ತಾರು ದಾಟಿದ ಮೇಲೆ ಅವನ ಕೈ ತುರಿಸತೊಡಗಿತು.

2006ರ ಜನವರಿಯಲ್ಲಿ ಪೇಪರಿನಲ್ಲಿ ಒಂದು ಜಾಹೀರಾತು ಕಂಡಿತು. ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಹಳೇ ಕ್ಯಾರವಾನ್, 1964ರಲ್ಲಿ ಮನೆಯಲ್ಲೇ ಕಟ್ಟಿದ್ದು, ರಿಪೇರಿ ಬೇಕು. ಇರುವುದು ಮೆಲ್ಬರ್ನಿನ ಆಚೆ ಕ್ರೇಗಿಬರ್ನ್‌ನಲ್ಲಿ. ಹೆಂಡತಿ ವಿಜಯಾ "ಒಂಬೈನೂರು ಕಿಲೋಮೀಟರ್ ಹೋಗಿ ಮುರುಕಲು ಮರ ತರ್ತೀರಾ?" ಎಂದಳು. ಈಸ್ಟರ್ ರಜೆಗೆ ಅದರಲ್ಲೇ ಸಮುದ್ರಕ್ಕೆ ಕರೆದೊಯ್ಯುತ್ತೇನೆಂದು ಅವಳಿಗೂ ಆರು ವರ್ಷದ ಮಗಳು ಇಂಚರಾಗೂ ಮಾತು ಕೊಟ್ಟು ಹೊರಟ.

ಕ್ರೇಗಿಬರ್ನ್‌ನಲ್ಲಿ ಸುತ್ತಲೂ ಹೊಸ ಮನೆಗಳು ಏಳುತ್ತಿದ್ದವು. ನಡುವೆ ಒಂದು ಹಳೇ ಮನೆ, ಅದರ ಹಿತ್ತಲಿನ ಪೆಪ್ಪರ್ ಮರದ ಕೆಳಗೆ ಕ್ಯಾರವಾನ್. ಅದನ್ನು ಕಟ್ಟಿದ ಮುದುಕ ಲೆನ್ ಅಡುಗೆಮನೆಯ ಕಿಟಕಿಯ ಬಳಿ ಕೂತಿದ್ದ. ಅವನ ಹೆಂಡತಿ ಡೋರೀನ್ ಟೀ ಕೊಟ್ಟಳು. ಪ್ರತಿ ಬೇಸಿಗೆ ಇಬ್ಬರೂ ಅದರಲ್ಲೇ ಊರೂರು ಸುತ್ತಿದವರಂತೆ. ಹತ್ತು ವರ್ಷದಿಂದ ನಿಂತಲ್ಲೇ ನಿಂತು, ಮಳೆ ನೀರು ಇಳಿದು, ಒಂದು ಮೂಲೆ ಕೊಳೆತುಹೋಗಿತ್ತು. ಲೆನ್ ಹಳೇ ಹಿತ್ತಾಳೆ ಸ್ಕ್ರೂಗಳಿದ್ದ ಒಂದು ಬಿಸ್ಕೆಟ್ ಡಬ್ಬ ತಂದು ಇಂದ್ರೇಶನ ಕೈಗಿಟ್ಟ. ಎಲ್ಲವೂ ತಲೆಯ ಮೇಲೆ ಒಂದೇ ಗೀರು ಇರುವ ಹಳೇ ಕಾಲದವು.

ದುಡ್ಡು ಕೊಟ್ಟು, ಕ್ಯಾರವಾನನ್ನು ಕಾರಿಗೆ ಕಟ್ಟಿ ಹೊರಡುವಾಗ ಇಂದ್ರೇಶ್ ಬಾಗಿಲಲ್ಲಿ ನಿಂತು ತಿರುಗಿ, "ಓಕೆ ಸರ್, ಐ ವಿಲ್ ಕಮ್" ಎಂದ.

ಮುದುಕ ತಲೆ ಎತ್ತಿದ. "ಬರ್ತೀಯಾ? ಇದನ್ನ ತಗೊಂಡು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಇಂದ್ರೇಶನ ಮನಸ್ಸು ಆಗಲೇ ಹೈವೇ ಮೇಲಿತ್ತು. ಕೇಳಿಸಿಯೂ ಕೇಳಿಸದವನ ಹಾಗೆ ನಮ್ಮವರು ಆಡಿಸುವಂತೆ ತಲೆ ಆಡಿಸಿ, ನಕ್ಕು, ಕಾರು ಹತ್ತಿದ.

ಟೂಂಗಾಬಿಯ ಮನೆಯ ಪಕ್ಕದ ಜಾಗದಲ್ಲಿ ಕೆಲಸ ಶುರುವಾಯಿತು. ಆಫೀಸಿನಿಂದ ಬಂದವನೇ ಬಟ್ಟೆ ಬದಲಿಸಿ ಅದರೊಳಗೆ ಹೊಕ್ಕರೆ ಊಟಕ್ಕೆ ಕೂಗಿದರೂ ಬರುತ್ತಿರಲಿಲ್ಲ. ಕೊಳೆತ ಪ್ಲೈವುಡ್ ಕಿತ್ತ. ಅಪ್ಪ ಮಾಡುತ್ತಿದ್ದ ಹಾಗೆ ಬೆರಳ ಗೆಣ್ಣಿನಿಂದ ಚೌಕಟ್ಟನ್ನು ತಟ್ಟುತ್ತ ಹೋಗಿ, ಎಲ್ಲಿ ಶಬ್ದ ಮೆತ್ತಗಾಯಿತೋ ಅಲ್ಲಿ ಕತ್ತರಿಸಿ ಹೊಸ ಮರ ಕೂರಿಸಿದ. ಓದಿಸಿ ಬಿಡಿಸಿದ ವಿದ್ಯೆ ಕೈಯಲ್ಲಿ ಹೇಗೋ ಉಳಿದುಕೊಂಡಿತ್ತು. ಅವನು ಅಷ್ಟು ಸಂತೋಷವಾಗಿದ್ದದ್ದನ್ನು ವಿಜಯಾ ಮದುವೆಯಾದಾಗಿನಿಂದ ನೋಡಿರಲಿಲ್ಲ. ಅದಕ್ಕೇ ಅವಳು ಬೈದರೂ ಅರ್ಧ ಬಾಯಲ್ಲಿ ಬೈಯುತ್ತಿದ್ದಳು.

ಫೆಬ್ರವರಿಯ ಒಂದು ಶನಿವಾರ ಹೊರಗಿನ ಅಲ್ಯೂಮಿನಿಯಂ ಪಟ್ಟಿಗೆ ಲೆನ್ ಕೊಟ್ಟ ಡಬ್ಬದಿಂದ ನಲವತ್ತು ಸ್ಕ್ರೂ ಹಾಕಿದ. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಬಂದು ನೋಡಿದರೆ, ನಲವತ್ತರ ಗೀರುಗಳೂ ನೆಟ್ಟಗೆ, ಮೇಲಿಂದ ಕೆಳಕ್ಕೆ ನಿಂತಿದ್ದವು. ಒಂದೂ ಓರೆಯಿಲ್ಲ. ನಾನೇ ಹಾಗೆ ಹಾಕಿದ್ದೆನೇನೋ ಎಂದುಕೊಂಡ. ಆದರೂ ಆ ಸಂಜೆ ಬೇಕೆಂದೇ ಐದಾರು ಸ್ಕ್ರೂಗಳನ್ನು ಅಡ್ಡಡ್ಡ ತಿರುಗಿಸಿಟ್ಟ. ಬೆಳಿಗ್ಗೆ ಅವೂ ನೆಟ್ಟಗಿದ್ದವು.

"ವಿಜಿ, ನೀನೇನಾದ್ರೂ ಮುಟ್ಟಿದ್ಯಾ?"

"ನಂಗೆ ಮಾಡೋಕೆ ಬೇರೆ ಕೆಲಸ ಇಲ್ವಾ? ನಿಮ್ಮ ಸ್ಕ್ರೂನೇ ಲೂಸಾಗಿದೆ, ಅದನ್ನ ಟೈಟ್ ಮಾಡ್ಕೊಳ್ಳಿ" ಎಂದಳು.

ಒಳಗಡೆ ಹಾಕಿದ ಸ್ಕ್ರೂಗಳೂ ಹಾಗೇ ಆಗತೊಡಗಿದವು. ಕ್ಯಾರವಾನಿಗೆ ಬೀಗ ಹಾಕಿ ಕೀಲಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದರೂ ಬೆಳಗಾಗುವಷ್ಟರಲ್ಲಿ ಸಾಲಾಗಿ ಸೈನಿಕರ ಹಾಗೆ ನಿಂತಿರುತ್ತಿದ್ದವು. ಇಂದ್ರೇಶನಿಗೆ ಈಗ ಬೆಳಗಿನ ಕಾಫಿ ರುಚಿಸುತ್ತಿರಲಿಲ್ಲ. ಎದ್ದವನೇ ಮೊದಲು ಹೊರಗೆ ಹೋಗಿ ಗೀರುಗಳನ್ನು ನೋಡಿ ಬರುತ್ತಿದ್ದ.

ಮಾರ್ಚಿನ ಒಂದು ಮಧ್ಯಾಹ್ನ ಅವನು ಒಳಗೆ ಕೂತು ಬೆಂಚಿನ ಕಾಲು ಕೂರಿಸುತ್ತಿದ್ದಾಗ ಪ್ಲೈವುಡ್ಡಿನ ಆಚೆ ಬದಿಯಿಂದ ಕಿರ್ರ್, ಕಿರ್ರ್ ಎಂಬ ಸದ್ದು ಬಂತು. ಸ್ಕ್ರೂಡ್ರೈವರ್ ತಿರುಗಿಸುವ ಸದ್ದು. ಅವನು ಹೊರಗೆ ಬರುವಷ್ಟರಲ್ಲಿ ನಿಂತಿತು. ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿಯ ಕೆಳಗೆ ಇಂಚರಾ ಒಬ್ಬಳೇ ಆಡಿಕೊಂಡಿದ್ದಳು.

"ಇಲ್ಲಿ ಯಾರಾದ್ರೂ ಬಂದಿದ್ರಾ ಪುಟ್ಟಾ?"

"ಜಸ್ಟ್ ದ ಹ್ಯಾಂಡ್" ಎಂದಳು ಮಗಳು, ಆಟದಿಂದ ತಲೆ ಎತ್ತದೆ.

"ಯಾರ ಕೈ?"

"ಐ ಡೋಂಟ್ ನೋ, ಅಪ್ಪಾ. ಇಟ್ಸ್ ಓಲ್ಡ್. ಇಟ್ ಕಮ್ಸ್ ಎವ್ರಿ ಡೇ."

ಅಡುಗೆಮನೆಯ ಕಿಟಕಿಯಿಂದ ವಿಜಯಾ ಇದನ್ನು ಕೇಳಿಸಿಕೊಂಡಳು. ಅರ್ಧ ಬಾಯಿಯ ಬೈಗುಳ ಅಲ್ಲಿಗೆ ಮುಗಿಯಿತು. ಹೊರಗೆ ಬಂದು ಮಗಳನ್ನು ಎತ್ತಿಕೊಂಡು ಹೇಳಿದಳು, "ಈಸ್ಟರ್ ಒಳಗೆ ಇದು ಈ ಮನೆಯಿಂದ ಆಚೆ ಹೋಗ್ಬೇಕು. ಇಲ್ಲ ಅಂದ್ರೆ ನಾನು, ಮಗು ಕೆಲ್ಲಿವಿಲ್‌ಗೆ ನಮ್ಮಕ್ಕನ ಮನೆಗೆ ಹೋಗ್ತೀವಿ. ಆಮೇಲೆ ನೀವುಂಟು ನಿಮ್ಮ ಕೈಯುಂಟು."

ಮಗಳಿಗೆ ಏನಾದರೂ ಆದೀತೆಂಬ ಭಯ ಇಂದ್ರೇಶನಿಗೆ ಒಂದು ಕಡೆ. ಆ ಕ್ಯಾರವಾನನ್ನು ಬಿಟ್ಟರೆ ತಾನು ಮತ್ತೆ ಬರೀ ತಪ್ಪು ಹುಡುಕುವವನಾಗಿ ಉಳಿಯುತ್ತೇನೆಂಬ ಸಂಕಟ ಇನ್ನೊಂದು ಕಡೆ. ಎರಡೂ ನಿಜವಾಗಿದ್ದವು. ಒಂದು ವಾರ ಅದರ ಹತ್ತಿರ ಹೋಗಲಿಲ್ಲ. ಮುಂದಿನ ಶನಿವಾರ ಹೋದ. ಹಾಡುಹಗಲು, ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು. ಬಾಗಿಲ ಪಟ್ಟಿಗೆ ಒಂದು ಸ್ಕ್ರೂ ಹಾಕಿ, ಅಡ್ಡ ತಿರುಗಿಸಿ, ಅದರ ತಲೆಯ ಮೇಲೆ ತೋರುಬೆರಳಿಟ್ಟು ಕೂತ.

ಎಷ್ಟು ಹೊತ್ತಾಯಿತೋ. ಬೆರಳ ತುದಿಯ ಕೆಳಗೆ ಗೀರು ಮೆಲ್ಲಗೆ ಅಲುಗಿತು. ಆತುರವಿಲ್ಲದೆ, ಕೆಲಸ ಬಲ್ಲವರು ತಿರುಗಿಸುವ ಹಾಗೆ, ಕಾಲು ಸುತ್ತು ತಿರುಗಿ, ನೆಟ್ಟಗಾಗಿ ನಿಂತಿತು. ಹಿತ್ತಾಳೆ ಬೆಚ್ಚಗಿತ್ತು.

ಇಂದ್ರೇಶ್ ಒಳಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟ. ವಿಜಯಾ ನೀರು ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡಳು. ಗಂಡನ ಬಾಯಿ ಬಲ್ಲವಳು ಆಮೇಲೆ ಕೇಳಿದ ಪ್ರಶ್ನೆಯ ತಲೆಬುಡ ಅವನಿಗೆ ತಿಳಿಯಲಿಲ್ಲ.

"ಆ ಮುದುಕರ ಮನೆಯಿಂದ ಹೊರಡುವಾಗ ಏನಂದ್ರಿ?"

"ಏನಂತಾರೆ? ಬರ್ತೀನಿ ಅಂದೆ."

"ಇಂಗ್ಲಿಷಲ್ಲಾ?"

"ಹೂಂ. ಐ ವಿಲ್ ಕಮ್ ಅಂದೆ. ಹೋಗ್ತೀನಿ ಅನ್ನೋಕಾಗುತ್ತಾ ಯಾರ ಮನೇಲಾದ್ರೂ?"

"ಅದಕ್ಕೆ ಅವರೇನಂದ್ರು?"

ಆಗ ಅವನಿಗೆ ನೆನಪಾಯಿತು. ಮುದುಕ ತಲೆ ಎತ್ತಿದ್ದು, ಇದನ್ನ ತಗೊಂಡು ಬರ್ತೀಯಾ ಎಂದು ಕೇಳಿದ್ದು, ತಾನು ತಲೆ ಆಡಿಸಿದ್ದು. ಹೇಳಿದ.

ವಿಜಯಾ ಹಣೆ ಹಣೆ ಚಚ್ಚಿಕೊಂಡಳು. "ರೀ, ನಮ್ಮಲ್ಲಿ ಬರ್ತೀನಿ ಅಂದ್ರೆ ಹೋಗ್ತೀನಿ ಅಂತ. ಅವರಲ್ಲಿ ಬರ್ತೀನಿ ಅಂದ್ರೆ ಬರ್ತೀನಿ ಅಂತಲೇ! ಫೋನ್ ಮಾಡಿ ಈಗ್ಲೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವರು ಹೇಳುವುದು ಇದಕ್ಕೇ. ಇಂದ್ರೇಶ್ ಲೆನ್ ಮನೆಗೆ ಫೋನ್ ಮಾಡಿದ. ಲೆನ್ ಸತ್ತಿದ್ದಾನೆ ಎಂಬ ಸುದ್ದಿಯನ್ನೇ ಕೇಳುತ್ತೇನೆಂದು ಅವನಿಗೆ ಖಾತ್ರಿಯಿತ್ತು. ಹಾಗಲ್ಲ ಎಂದು ತಿಳಿದಾಗ ಮೈ ಇನ್ನಷ್ಟು ತಣ್ಣಗಾಯಿತು.

ಲೆನ್ ಬದುಕಿದ್ದ. ಫೆಬ್ರವರಿಯಲ್ಲಿ ಸ್ಟ್ರೋಕ್ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಈಗ ನರ್ಸಿಂಗ್ ಹೋಮಿನಲ್ಲಿದ್ದ. ಡೋರೀನ್ ಫೋನಿನಲ್ಲಿ ನಿಧಾನವಾಗಿ ಹೇಳಿದಳು. ಬಲಗೈ ಒಂದು ಮಾತ್ರ ಸುಮ್ಮನಿರುವುದಿಲ್ಲ, ಮಲಗಿದಾಗಲೂ ಏನನ್ನೋ ಹಿಡಿದು ತಿರುಗಿಸುತ್ತಲೇ ಇರುತ್ತದೆ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದಾರೆ. ತನಗೆ ಬೇಕಿಲ್ಲ ಆ ಹೆಸರು, ಅವನು ಸ್ಕ್ರೂ ಹಾಕುತ್ತಿದ್ದಾನೆ ಎಂದು ತನಗೆ ಗೊತ್ತು. ಗೀರು ನೆಟ್ಟಗಿದ್ದರೆ ಅದರಲ್ಲಿ ನೀರು ನಿಲ್ಲುವುದಿಲ್ಲ ಎಂದು ಮೊದಲಿನಿಂದಲೂ ಅವನಿಗೆ ಅದೊಂದು ಹುಚ್ಚು. ಮತ್ತೆ ದಿನಕ್ಕೆ ಹತ್ತು ಸಲ ಒಂದೇ ಪ್ರಶ್ನೆ ಕೇಳುತ್ತಾನೆ: ಆ ಇಂಡಿಯನ್ ಬಂದನಾ?

"ಅವನು ಬರಲ್ಲ ಅಂತ ನಾವೆಲ್ಲ ಹೇಳಿದ್ವಿ. ನೀನು ಬೇಜಾರು ಮಾಡ್ಕೋಬೇಡ. ಈಸ್ಟರ್ ದಾಟೋದು ಕಷ್ಟ ಅಂತ ಡಾಕ್ಟರು ಹೇಳಿದಾರೆ" ಎಂದಳು ಡೋರೀನ್.

ಈಸ್ಟರ್ ಒಳಗೆ ಕ್ಯಾರವಾನ್ ತರುತ್ತೇನೆಂದು ಹೇಳಿ ಫೋನ್ ಇಟ್ಟ ಇಂದ್ರೇಶನಿಗೆ ಭಯ ಪೂರ್ತಿ ಹೋಗಲಿಲ್ಲ, ಆದರೆ ಅದಕ್ಕಿಂತ ನಾಚಿಕೆ ದೊಡ್ಡದಾಯಿತು. ಒಬ್ಬ ಮನುಷ್ಯ ಸಾವನ್ನು ಹಿಡಿದು ನಿಲ್ಲಿಸಿಕೊಂಡು ತನಗಾಗಿ ಕಾಯುತ್ತಿದ್ದಾನೆ. ತಾನು ಬಾಯಿಮಾತಿಗೆ ಅಂದದ್ದಕ್ಕಾಗಿ. ವಿಜಯಾ ಮಗಳ ಬಟ್ಟೆ ಮಡಿಸುತ್ತ, "ಬೀಚು ಎಲ್ಲಿಗೂ ಓಡಿಹೋಗಲ್ಲ. ಮೊದಲು ಇದು" ಎಂದಳು.

ಎರಡು ವಾರ ಹಗಲಿರುಳು ದುಡಿದ. ಉಳಿದ ಕೆಲಸವನ್ನು ಅರ್ಧಂಬರ್ಧ ಮಾಡಿ ಒಯ್ಯಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಈಗ ತಾನೇ ಒಂದೊಂದು ಗೀರನ್ನೂ ನೆಟ್ಟಗೆ ನಿಲ್ಲಿಸುತ್ತಿದ್ದ. ಆದರೂ ಬೆಳಿಗ್ಗೆ ಒಂದೆರಡು ಕೂದಲೆಳೆಯಷ್ಟು ತಿರುಗಿರುತ್ತಿದ್ದವು. ಮೊದಲು ಅದನ್ನು ಕಂಡರೆ ಭಯವಾಗುತ್ತಿತ್ತು, ಈಗ ಅದು ಕಂಡರೆ ಸಮಾಧಾನ. ಮುದುಕ ಇನ್ನೂ ಇದ್ದಾನೆ ಎಂದರ್ಥ.

ಗುಡ್ ಫ್ರೈಡೇ ಬೆಳಿಗ್ಗೆ ಐದಕ್ಕೆ ಮೂವರೂ ಹೊರಟರು. ಹೋಲ್‌ಬ್ರೂಕ್ ಎಂಬ ಊರು ದಾಟುವಾಗ ಡೋರೀನಳ ಫೋನ್ ಬಂತು. ವಿಜಯಾ ತೆಗೆದುಕೊಂಡಳು.

"ಕೈ ನಿಂತುಹೋಗಿದೆಯಂತೆ. ಬೆಳಿಗ್ಗೆ ಐದಕ್ಕೆ ನಿಂತಿತಂತೆ" ಎಂದಳು. "ಇನ್ನೂ ಉಸಿರಿದೆ. ಕಣ್ಣು ಬಿಟ್ಟಿಲ್ಲ."

ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಜೋರಾಗಿ ಓಡಿಸುವ ಹಾಗಿಲ್ಲ. ಇಂದ್ರೇಶ್ ಎಂಬತ್ತರಲ್ಲೇ ಓಡಿಸಿದ. ಮಗಳು ಆಗಾಗ ಹಿಂದಿನ ಗಾಜಿನಿಂದ ಕ್ಯಾರವಾನಿನ ಕಡೆ ನೋಡುತ್ತಿದ್ದಳು.

ನರ್ಸಿಂಗ್ ಹೋಮಿನ ಗೇಟಿಗೆ ಬಂದಾಗ ನಾಲ್ಕೂವರೆ. ಬಾಗಿಲ ಹೊರಗೆ ಗಾಲಿಕುರ್ಚಿಯಲ್ಲಿ ಲೆನ್ ಕೂತಿದ್ದ. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಬಲಗೈ ತೊಡೆಯ ಮೇಲೆ ಅಲುಗದೆ ಮಲಗಿತ್ತು. ಪಕ್ಕದಲ್ಲಿ ಡೋರೀನ್ ಅಳುತ್ತಿದ್ದಳು. ಇವರು ಬರುವ ವಿಷಯವನ್ನು ಅವನಿಗೆ ಯಾರೂ ಹೇಳಿರಲಿಲ್ಲವಂತೆ, ಆಸೆ ಹುಟ್ಟಿಸಿ ಕೆಡಿಸಬಾರದು ಎಂದು. ಮಧ್ಯಾಹ್ನ ಕಣ್ಣು ಬಿಟ್ಟವನೇ ಶರ್ಟು ಕೇಳಿದನಂತೆ.

ಇಂದ್ರೇಶ್ ಕುರ್ಚಿಯನ್ನು ಕ್ಯಾರವಾನಿನ ಪಕ್ಕಕ್ಕೆ ತಳ್ಳಿಕೊಂಡು ಹೋದ. ಲೆನ್ ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದ. ಕೊಳೆತ ಮೂಲೆಯಿದ್ದ ಕಡೆ ಗೆಣ್ಣಿನಿಂದ ತಟ್ಟಿ ಕೇಳಿದ. ತಲೆ ಆಡಿಸಿದ. ಇಂದ್ರೇಶ್ ಎರಡು ವಾರದಿಂದ ಎದೆಯಲ್ಲಿ ಹೊತ್ತದ್ದನ್ನು ಹೇಳಲು ಬಾಯಿ ತೆರೆದ.

"ಸರ್, ಐ ಆಮ್ ಸಾರಿ. ನಾನು ಅವತ್ತು..."

ಲೆನ್ ಕೈ ಎತ್ತಿ ತಡೆದ. ಅವನಿಗೆ ಕ್ಷಮೆ ಬೇಕಿರಲಿಲ್ಲ. ನರ್ಸಿಂಗ್ ಹೋಮಿನ ಒಳಗಡೆಗೆ ಬೆರಳು ತೋರಿಸಿದ, ತಳ್ಳು ಎಂಬಂತೆ. ಡೋರೀನ್ ಮೆಲ್ಲಗೆ ಹೇಳಿದಳು, "ಇಲ್ಲಿ ಎಲ್ಲರೂ ಅವನನ್ನ ಆಡಿಕೊಂಡು ನಗ್ತಿದ್ರು. ನಿನ್ನ ಇಂಡಿಯನ್ ಎಲ್ಲಿ ಅಂತ ದಿನಾ ಕೇಳ್ತಿದ್ರು."

ಉದ್ದನೆಯ ಕಾರಿಡಾರು. ಲೆನ್ ಪ್ರತಿ ಬಾಗಿಲಲ್ಲೂ ಕುರ್ಚಿ ನಿಲ್ಲಿಸಿದ. ಹಾಸಿಗೆಯಲ್ಲಿದ್ದವರು, ಟಿವಿ ನೋಡುತ್ತಿದ್ದವರು ತಿರುಗಿ ನೋಡಿದರು. ತೊದಲುವ ನಾಲಿಗೆಯಲ್ಲಿ ಅವನು ಒಂದೇ ಮಾತು ಹೇಳಿದ, "ಇವನೇ." ಇಂದ್ರೇಶ್ ಒಬ್ಬೊಬ್ಬರ ಕೈ ಕುಲುಕಿದ. ಯಾರೂ ನಗಲಿಲ್ಲ. ಒಬ್ಬ ಅಜ್ಜಿ ಅವನ ಕೈಯನ್ನು ಬಿಡಲೇ ಇಲ್ಲ, ನರ್ಸು ಬಂದು ಬಿಡಿಸಬೇಕಾಯಿತು. ಇಂದ್ರೇಶನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಕೊನೆಯ ಕೋಣೆಯಲ್ಲಿ ಯಾರೂ ಇರಲಿಲ್ಲ. ಹಾಸಿಗೆಯ ಚಾದರ ತೆಗೆದಿದ್ದರು, ಕಿಟಕಿ ತೆರೆದಿತ್ತು. ಇಂದ್ರೇಶ್ ಕುರ್ಚಿ ಹಿಂದಕ್ಕೆ ತಿರುಗಿಸಲು ಹೋದ. ಲೆನ್ ಬಲಗೈಯಿಂದ ಗಾಲಿ ಹಿಡಿದು ನಿಲ್ಲಿಸಿದ.

"ಬರ್ಟ್," ಎಂದ ಖಾಲಿ ಹಾಸಿಗೆಯ ಕಡೆ ನೋಡಿ, "ಇವನೇ."

ಬಾಗಿಲಲ್ಲಿ ನಿಂತಿದ್ದ ನರ್ಸು ಮುಖ ತಗ್ಗಿಸಿದಳು. ಬರ್ಟ್ ತೀರಿಕೊಂಡು ವಾರವಾಯಿತು ಎಂದು ಪಿಸುಗುಟ್ಟಿದಳು. ಲೆನ್ ಅವಳ ಕಡೆ ನೋಡಲಿಲ್ಲ. ಇಂದ್ರೇಶನ ಮುಖವನ್ನೇ ನೋಡುತ್ತ ಕಾಯುತ್ತಿದ್ದ.

ಇಂದ್ರೇಶ್ ಹಾಸಿಗೆಯ ಬಳಿ ಹೋಗಿ ಕೈ ಚಾಚಿದ. ಅವನ ಕೈಯನ್ನು ಹಿಡಿದ, ಕಾಣದ ಕೈ ತಣ್ಣಗಿತ್ತು. ಅವನು ಬಿಡಿಸಿಕೊಳ್ಳಲಿಲ್ಲ.