ಮಾನ್ವಿಯ ತಾಯಿ ಬಂದಿದ್ದಳು

ಆ ತಾಯಿ ಬಂದಿದ್ದಳು. ಬರಲಿಲ್ಲ ಎಂದು ಹೇಳಿದವನು ನಾನು. ಹೇಳಿದ್ದು ಒಂದು ಸಲವಲ್ಲ — ರಾಯಚೂರಿನ ಸಭೆಗಳಲ್ಲಿ, ದೇವದುರ್ಗದ ತರಬೇತಿಯಲ್ಲಿ, ಚಹಾ ಕುಡಿಯುತ್ತ ಕೂತ ಡಾಕ್ಟರುಗಳ ಮುಂದೆ — ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ಬಂದೆ. ಹೇಳಿ ಹೇಳಿ ಕೊನೆಗೆ ನನಗೇ ಅದು ನಿಜವೆನಿಸಿತ್ತು ಎಂದು ಬರೆಯಲು ಹೊರಟಿದ್ದೆ. ಇಲ್ಲ, ಅದೂ ಸುಳ್ಳು. ಒಂದು ದಿನವೂ ಹಾಗೆನಿಸಲಿಲ್ಲ.

ನಾನು ರಾಯಚೂರಿನವನೇ. ಎಪ್ಪತ್ತರ ದಶಕದಲ್ಲಿ ಮಾನ್ವಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಸಕ್ಕರೆ ರೋಗವೆಂದರೆ ಕೂತು ಉಣ್ಣುವವರಿಗೆ ಬರುವುದು ಎಂದು ಊರೆಲ್ಲ ನಂಬಿದ್ದ ಕಾಲ. ಓದಿದ ನನ್ನಂಥವರೂ ಒಳಗೊಳಗೆ ಹಾಗೇ ಅಂದುಕೊಂಡಿದ್ದೆವು. ಅಂಥದ್ದರಲ್ಲಿ ಊರ ಕೊನೆಯ ಕೇರಿಯಿಂದ ಹನುಮವ್ವ ಎಂಬ ಕೂಲಿ ಹೆಂಗಸು ಮಗಳನ್ನು ಬೆನ್ನ ಮೇಲೆ ಹೊತ್ತು ತಂದಳು. ಹುಡುಗಿಯ ಹೆಸರು ರೇಣುಕಾ, ಒಂಬತ್ತು ವರ್ಷ. ಎಷ್ಟು ನೀರು ಕುಡಿದರೂ ದಾಹ ಆರದು, ಉಂಡದ್ದು ಮೈಗೆ ಹತ್ತದು. ಮೂತ್ರ ಪರೀಕ್ಷೆ ಮಾಡಿದರೆ ಕೊಳವೆಯೊಳಗಿನ ನೀಲಿ ದ್ರಾವಣ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು — ಅಷ್ಟು ಸಕ್ಕರೆ. ಬದುಕಿರುವ ತನಕ ದಿನಾ ಇನ್ಸುಲಿನ್ ಚುಚ್ಚಬೇಕು ಎಂದೆ. ಹನುಮವ್ವ ಅಳಲಿಲ್ಲ. "ದಿನಾ ಅಂದ್ರ ದಿನಾ ಕರ್ಕೊಂಡು ಬರ್ತೀನ್ರಿ ಯಪ್ಪಾ," ಎಂದಳು.

ಆಸ್ಪತ್ರೆಯ ಫ್ರಿಜ್ ಕೆಟ್ಟು ಕೂತಿತ್ತು. ರಿಪೇರಿಗೆಂದು ಬರೆದದ್ದಕ್ಕೆ ರಾಯಚೂರಿನಿಂದ ಉತ್ತರವಿಲ್ಲ. ಫ್ರಿಜ್ ಇದ್ದ ಇನ್ನೊಂದು ಮನೆಯೆಂದರೆ ಅಕ್ಕಿ ಗಿರಣಿಯ ಸಾವ್ಕಾರ ಶರಣಪ್ಪನವರದು. ಅವರಿಗೂ ಸಕ್ಕರೆ ರೋಗ, ಅವರೂ ನನ್ನ ಪೇಷಂಟು. ಕೇಳಿದ ಕೂಡಲೇ ಒಪ್ಪಿದರು — ಒಳ್ಳೆಯ ಮನುಷ್ಯ, ಈಗಲೂ ಹಾಗೇ ಹೇಳುತ್ತೇನೆ. ಆಸ್ಪತ್ರೆಯ ಇನ್ಸುಲಿನ್ ಎಲ್ಲ ಅವರ ಮನೆ ಸೇರಿತು. ಬೆಳಿಗ್ಗೆ ಹನುಮವ್ವ ಅಲ್ಲಿಂದ ಬಾಟಲಿ ತರಬೇಕು, ನಮ್ಮ ನರ್ಸ್ ಇಂಜೆಕ್ಷನ್ ಕೊಡಬೇಕು, ಆಕೆ ಬಾಟಲಿಯನ್ನು ತಿರುಗಿ ಒಯ್ದು ಕೊಡಬೇಕು. ಇದು ನನ್ನ ಏರ್ಪಾಡು. ಇದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಹನುಮವ್ವ ಆ ಮನೆಯ ಮುಂಬಾಗಿಲಿಗೆ ಹೋಗುವಂತಿರಲಿಲ್ಲ. ಹಿತ್ತಲ ಬಾಗಿಲ ಹೊರಗೆ ನಿಲ್ಲಬೇಕು. ಪೂಜೆ ಮುಗಿಯುವ ತನಕ ಕೇರಿಯವರ ಮುಖ ನೋಡುವುದಿಲ್ಲ ಎಂಬುದು ಆ ಮನೆಯ ಹಿರಿಯಳ ನೇಮ; ಹೀಗಾಗಿ ಬೆಳಗಿನ ಇಂಜೆಕ್ಷನ್ ಎಷ್ಟೋ ದಿನ ಮಧ್ಯಾಹ್ನಕ್ಕೆ ಹೋಗುತ್ತಿತ್ತು. ಅಲ್ಲಿಯವರೆಗೆ ಹುಡುಗಿ ಉಪವಾಸ, ತಾಯಿಗೆ ಅಂದಿನ ಕೂಲಿಯಿಲ್ಲ. ಇನ್ನು ಆಕೆ ಮುಟ್ಟಿದ ಬಾಟಲಿಯನ್ನು ಹಾಲು ಮೊಸರಿನ ಪಕ್ಕ ಹಾಗೇ ಇಡುವುದು ಹೇಗೆ — ಆಳಿನ ಹೆಂಗಸು ಅದರ ಮೇಲೆ ಒಂದು ತಂಬಿಗೆ ನೀರು ಸುರಿದು ಒಳಗೆ ಒಯ್ಯುತ್ತಿದ್ದಳು. ಸುರಿದು ಸುರಿದು ಬಾಟಲಿಯ ಮೇಲಿನ ಚೀಟಿ ಕಿತ್ತು ಹೋಗಿತ್ತು. ಚೀಟಿ ಎಲ್ಲಿ ಎಂದು ನರ್ಸನ್ನು ಕೇಳಿದೆ, ಆಕೆ ಇದ್ದದ್ದನ್ನು ಹೇಳಿದಳು, ನಾನು ಸುಮ್ಮನಾದೆ. ಸಾವ್ಕಾರರಿಗೆ ಬೇಜಾರಾದರೆ ಫ್ರಿಜ್ ಕೈತಪ್ಪುತ್ತದೆ ಎಂದು ಯೋಚಿಸಿದ್ದೆನೋ — ಅಥವಾ ಅಷ್ಟೂ ಯೋಚಿಸಿರಲಿಕ್ಕಿಲ್ಲ. ಅದೆಲ್ಲ ಹುಟ್ಟಿದಾಗಿನಿಂದ ನೋಡಿ ರೂಢಿಯಾದದ್ದು.

ಬೇಸಿಗೆ ಶುರುವಾಯಿತು. ಒಂದು ದಿನ ಹನುಮವ್ವ ನನ್ನ ಮೇಜಿನ ಮುಂದೆ ಬಂದು ನಿಂತಳು. "ಯಪ್ಪಾ, ಆ ಬಾಟ್ಲಿ ನಮ್ಮ ಮನ್ಯಾಗ ಇಟ್ಗೊಂತೀನ್ರಿ. ಹೊಸಾ ಗಡಿಗಿ ತಂದೀನಿ. ಹಸಿ ಉಸುಕಿನ್ಯಾಗ ಇಟ್ರ ತಣ್ಣಗಿರ್ತದ."

"ನಿಮ್ಮ ಗುಡಿಸಲದಾಗ ಅದು ಒಂದಿನಾನೂ ತಡಿಯಂಗಿಲ್ಲ," ಎಂದೆ. "ಕೆಟ್ರ ಯಾರು ಜವಾಬ್ದಾರಿ? ನಿನಗ ಇದೆಲ್ಲ ತಿಳಿಯಂಗಿಲ್ಲ, ಹೋಗು."

ಅದೇ ವಾರ ಶರಣಪ್ಪನವರು ಬಂದರು. ಯುಗಾದಿಗೆಂದು ಮನೆಮಂದಿಯೆಲ್ಲ ಜೀಪಿನಲ್ಲಿ ಶ್ರೀಶೈಲಕ್ಕೆ ಹೊರಟಿದ್ದರು. ದಾರಿಯ ಬಿಸಿಲಿಗೆ ತಮ್ಮ ಇನ್ಸುಲಿನ್ ಕೆಟ್ಟೀತೆಂಬುದು ಅವರ ಚಿಂತೆ.

"ಏನೂ ಆಗಂಗಿಲ್ರಿ ಸಾವ್ಕಾರ್ರ," ಎಂದು ನಾನು ನಕ್ಕೆ. "ಸಣ್ಣ ಗಡಿಗ್ಯಾಗ ಹಸಿ ಬಟ್ಟಿ ಸುತ್ತಿ ಇಟ್ಗೋರಿ. ವಾರಗಟ್ಲೆ ಇರ್ತದ."

ಔಷಧ ಅದೇ, ಬಿಸಿಲು ಅದೇ. ಹೇಳಿದ ಬಾಯಿಯೂ ಅದೇ. ನನಗೆ ಗೊತ್ತಿರಲಿಲ್ಲ ಎನ್ನಲು ಇಲ್ಲಿ ಒಂದಿಷ್ಟೂ ಜಾಗವಿಲ್ಲ.

ಅವರ ಮನೆಗೆ ಬೀಗ ಬಿದ್ದರೆ ರೇಣುಕಾಳ ಬಾಟಲಿ ಒಳಗೇ ಉಳಿಯುತ್ತದೆ, ಅದನ್ನು ಆಸ್ಪತ್ರೆಗೆ ತರಿಸಿಕೊಳ್ಳಬೇಕು ಎಂದು ಆಗಲೇ ಹೊಳೆದಿತ್ತು. ನಾಳೆ ತರಿಸಿದರಾಯಿತು ಅಂದುಕೊಂಡೆ. ಮರುದಿನ ಎದ್ದು ರಾಯಚೂರಿಗೆ ಹೋದೆ. ಜಿಲ್ಲೆಯಲ್ಲಿ ಸಕ್ಕರೆ ರೋಗದ ಚಿಕಿತ್ಸೆಗೆ ಒಂದು ಯೋಜನೆ ಮಾಡುವ ಸಭೆ ಅಲ್ಲಿತ್ತು. ಬಡವರಿಗೂ ಸಾವ್ಕಾರರಿಗೂ ಒಂದೇ ಚಿಕಿತ್ಸೆ ಸಿಗಬೇಕು ಎಂದು ಚೆನ್ನಾಗಿ ಮಾತಾಡಿದೆ, ಚಪ್ಪಾಳೆ ಬಿತ್ತು. ಸಭೆ ಮುಗಿದ ಮೇಲೂ ದೊಡ್ಡವರ ಮನೆಗಳಿಗೆ ಹೋಗಿ ಕಾಣುತ್ತ ಅಲ್ಲೇ ಉಳಿದೆ. ಯೋಜನೆಗೆ ಮುಖ್ಯಸ್ಥರು ಯಾರಾಗಬೇಕೆಂಬ ಮಾತು ನಡೆದಿತ್ತು — ನನಗೆ ಆಸೆಯಿತ್ತು. ನಾಲ್ಕನೆಯ ದಿನ ಮಾನ್ವಿಯ ಬಸ್ಸು ಹತ್ತಿದೆ.

ಅಷ್ಟೂ ದಿನ ಹನುಮವ್ವ ಬೀಗ ಬಿದ್ದ ಹಿತ್ತಲ ಬಾಗಿಲಿಗೆ ಹೋಗಿ, ಅಲ್ಲಿಂದ ಮಗಳನ್ನು ಕಟ್ಟಿಕೊಂಡು ಆಸ್ಪತ್ರೆಗೆ ಬಂದು, ಸಂಜೆಯ ತನಕ ಕೂತು ಹೋಗಿದ್ದಳು. ಡಾಕ್ಟರು ಬರಲಿ ಎಂದು ಆಸ್ಪತ್ರೆಯವರು ಆಕೆಗೆ ಹೇಳಿ ಕಳಿಸಿದ್ದರು. ನಾನು ಬಂದಾಗ ರೇಣುಕಾ ಬೆಂಚಿನ ಮೇಲೆ ಮಲಗಿ ದೊಡ್ಡ ದೊಡ್ಡ ಉಸಿರು ಎಳೆಯುತ್ತಿದ್ದಳು. ಉಸಿರಿಗೆ ಕೊಳೆತ ಹಣ್ಣಿನ ವಾಸನೆ. ಸಾವ್ಕಾರರ ಮನೆಯ ಬೀಗ ಒಡೆಸಿದೆ. ಒಡೆಯುವುದು ಏನೂ ಕಷ್ಟವಾಗಲಿಲ್ಲ. ಇನ್ಸುಲಿನ್ ಕೊಟ್ಟೆ, ಸಲೈನ್ ಏರಿಸಿದೆ. ಹೊತ್ತು ಮುಳುಗುವುದರೊಳಗೆ ಹುಡುಗಿ ಹೋಯಿತು.

ಹನುಮವ್ವನ ಗಂಡ ದುರ್ಗಪ್ಪ ಲಾರಿಯಲ್ಲಿ ಹಮಾಲಿಗೆ ಹೋಗಿದ್ದವನು ಆಗಷ್ಟೇ ಬಂದಿದ್ದ. ಅವನ ತಾಯಿಯೂ ಕೇರಿಯ ಹತ್ತಾರು ಜನರೂ ಸುತ್ತ ನಿಂತಿದ್ದರು. "ಯಾಕ ಹಿಂಗಾತ್ರಿ?" ಎಂದು ಕೇಳಿದ. ಸಿಟ್ಟಿನಿಂದಲ್ಲ, ತಿಳಿಯದೆ ಕೇಳಿದ. ನನಗೆ ಹೆದರಿಕೆಯಾಯಿತು. ರಾಯಚೂರಿನಲ್ಲಿ ಮಾತು ಇನ್ನೇನು ಕುದುರುವುದರಲ್ಲಿತ್ತು.

"ಕೀಲಿ ಬಿದ್ದದ್ದು ಬಂದು ಹೇಳಿದ್ರ ನಾವು ಒಡಸ್ತಿದ್ವಿ," ಎಂದೆ. "ನಿನ್ನ ಹೇಣ್ತಿ ಬರ್ಲೇ ಇಲ್ಲ."

"ಬಂದಿದ್ನೆಲ್ರಿ ಯಪ್ಪಾ," ಎಂದಳು ಹನುಮವ್ವ.

ನರ್ಸ್ ತಲೆ ತಗ್ಗಿಸಿದಳು. ಆಕೆ ನನ್ನ ಕೈಕೆಳಗಿನವಳು. ಅತ್ತೆ ಸೊಸೆಯ ಕಡೆ ತಿರುಗಿ ಅಂದಳು: "ಡಾಕ್ಟ್ರು ಸುಳ್ಳು ಹೇಳ್ತಾರೇನು?"

ಅಷ್ಟೇ ಆದದ್ದು. ಯಾರೂ ಬಡಿಯಲಿಲ್ಲ, ಬೈಯಲಿಲ್ಲ. 

ಯೋಜನೆಗೆ ನಾನೇ ಮುಖ್ಯಸ್ಥನಾದೆ. ತಾಲೂಕು ತಾಲೂಕಿಗೆ ಫ್ರಿಜ್ ಬಂತು, ಪರೀಕ್ಷೆಗಳು ಶುರುವಾದವು — ಒಳ್ಳೆಯ ಕೆಲಸ ಆಗಲಿಲ್ಲವೆಂದಲ್ಲ. ಆದರೆ ಕೂಲಿಕಾರರ ಮನೆಗೆ ಬಾಟಲಿ ಕೊಡಬಾರದು, ಅವರು ದಿನಾ ಆಸ್ಪತ್ರೆಗೇ ಬರಬೇಕು ಎಂಬ ನಿಯಮ ಹಾಕಿದವನೂ ನಾನೇ. ಯಾರಾದರೂ ತಕರಾರು ತೆಗೆದರೆ, ಹೆತ್ತ ಮಗಳಿಗಾಗಿಯೂ ಬಾರದವರನ್ನು ನಂಬಿ ಬಾಟಲಿ ಕೊಡುವುದು ಹೇಗೆ ಎಂದು ಮಾನ್ವಿಯ ತಾಯಿಯ ಕಥೆ ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ದೂರದ ಹಳ್ಳಿಗಳಾದ ಜಾಲಹಳ್ಳಿಯಿಂದಲೋ ಗೂಗಲ್‌ನಿಂದಲೋ ಕೂಲಿ ಬಿಟ್ಟು ದಿನಾ ದೇವದುರ್ಗಕ್ಕೆ ಬರುವುದು ಆಗುವ ಮಾತೇ? ನಾಲ್ಕು ದಿನ ಬರುತ್ತಿದ್ದರು, ಆಮೇಲೆ ನಿಲ್ಲಿಸುತ್ತಿದ್ದರು. ನಿಲ್ಲಿಸಿದವರು ಏನಾದರು — ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ಗೊತ್ತಾಗಿಬಿಡುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ದೇವದುರ್ಗಕ್ಕೆ ಒಬ್ಬ ಹೊಸ ಡಾಕ್ಟರಮ್ಮ ಬಂದಳು. ನಿಯಮ ಮೀರಿ ಬಾಟಲಿಗಳನ್ನು ಮನೆಗೆ ಕೊಡುತ್ತಿದ್ದಾಳೆ, ಗಡಿಗೆಯಲ್ಲಿ ಇಡಲು ಕಲಿಸುತ್ತಿದ್ದಾಳೆ ಎಂದು ದೂರು ಬಂತು. ಗದರಿಸಲು ಹೋದೆ. ಅದೇ ಕಥೆ ಹೇಳಿದೆ. ಆಕೆ ಪೂರ್ತಿ ಕೇಳಿ, "ಸರ್, ಆ ತಾಯಿ ಯಾಕ ಬರ್ಲಿಲ್ಲ ಅಂತ ಯಾರರ ಆಕಿನ್ನ ಕೇಳಿದ್ರೇನ್ರಿ?" ಎಂದಳು. ಕುಟುಕಿನ ಮಾತಾಗಿರಲಿಲ್ಲ. ಆಕೆಗೆ ನಿಜವಾಗಿಯೂ ತಿಳಿಯಬೇಕಿತ್ತು.

ನನಗೆ ಸಾಕಾಗಿಹೋಯಿತು. ಪಶ್ಚಾತ್ತಾಪ ಎಂಬ ದೊಡ್ಡ ಮಾತು ಬೇಡ — ಒಂದೇ ಸುಳ್ಳನ್ನು ಹೊತ್ತು ಹೊತ್ತು ದಣಿದಿದ್ದೆ. ಬಾಟಲಿ ಕೊಡುತ್ತಾ ಇರು ಎಂದು ಆಕೆಗೆ ಹೇಳಿ, ರಾಯಚೂರಿಗೆ ಬಂದು ನಿಯಮ ತೆಗೆದುಹಾಕಿದೆ. ಯಾಕೆ ತೆಗೆದೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಅದನ್ನು ಮೊದಲು ಹೇಳಬೇಕಾದವಳು ಒಬ್ಬಳಿದ್ದಳು.

ಹೋದ ವಾರ ಮಾನ್ವಿಗೆ ಹೋದೆ. ಹನುಮವ್ವ ಮನೆಯ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದಳು. ಗುರುತು ಹಿಡಿದಳು. ಕೈಯಲ್ಲಿದ್ದ ಮೊರ ಕೆಳಗಿಡಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ — ಗಡಿಗೆಯ ಮಾತು, ಶ್ರೀಶೈಲದ ಮಾತು, ರಾಯಚೂರಿನ ಆಸೆ. ಹೇಳುವಾಗ ದನಿ ತಾನಾಗಿ ಸಣ್ಣದಾಯಿತು.

"ನಾ ಬಂದಿದ್ದು ನನಗ ಗೊತ್ತೈತಲ್ರಿ," ಎಂದಳು ಆಕೆ. "ನನಗ್ಯಾಕ ಹೇಳ್ತೀರಿ. ನನ್ನ ಗಂಡಗ ಹೇಳಬೇಕಿತ್ತು. ಅವ ಹ್ವಾದ. ಹೋಗೂ ಮಟ ನನ್ನ ಕೈಯಾಗ ನೀರು ಇಸ್ಕೊಂಡು ಕುಡೀಲಿಲ್ಲ."



ಆಕೆ ಎದ್ದು ಒಳಗೆ ಹೋಗಿ ಅತ್ತೆಯನ್ನು ಕೈಹಿಡಿದು ಕರೆತಂದು ಬಾಗಿಲಲ್ಲಿ ಕೂರಿಸಿದಳು. ಮುದುಕಿ ಪೂರಾ ಬಾಗಿದ್ದಳು. "ಈಕಿಗೆ ಹೇಳ್ರಿ," ಎಂದಳು. "ಕಿವಿ ಕೇಳಂಗಿಲ್ಲ ಆಕಿಗೆ. ಜೋರ್ಲೆ ಹೇಳ್ರಿ."

ಜೋರಾಗಿ ಹೇಳಿದೆ. ನಿಮ್ಮ ಸೊಸಿ ಬಂದಿದ್ಲು, ದಿನಾ ಬಂದಿದ್ಲು, ನಾನ ಇರ್ಲಿಲ್ಲ, ಸುಳ್ಳು ಹೇಳಿದಾಂವ ನಾನು ಎಂದೆ. ಎದುರು ಮನೆಯ ಹೆಂಗಸು ಹೊರಗೆ ಬಂದಳು. ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿ ಈ ಕಡೆ ತಿರುಗಿದರು. ಮುದುಕಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು, ಆಮೇಲೆ ಸೊಸೆಯನ್ನು ನೋಡಿದಳು.

"ಏನಂತಾನ ಬೇ ಇಂವ?"

ಹನುಮವ್ವ ನನ್ನ ಕಡೆ ನೋಡಿ, "ಕೇಳಿಲ್ಲ ಆಕಿಗೆ," ಎಂದಳು. "ಇನ್ನೊಮ್ಮೆ ಹೇಳ್ರಿ."

ಕೇರಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಇನ್ನೂ ಜೋರಾಗಿ, ಇನ್ನೊಮ್ಮೆ ಹೇಳಿದೆ.